ಓದುಗರ ಪ್ರಶ್ನೆ, ನಮ್ಮ ಉತ್ತರ: ಯುದ್ಧಭೂಮಿಯಿಂದ ಮನೆಗೆ ಬಂದ ರೇಷ್ಮೆ ಕಾರ್ಡುಗಳು

ಕಳೆದ ಸಂಚಿಕೆಯಲ್ಲಿ ಹಳೆಯ ಅಂಚೆಕಾರ್ಡುಗಳ ಸಂಗ್ರಹದ ಬಗ್ಗೆ ಬರೆಯುವಾಗ, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದ ಬ್ರಿಟಿಷ್ ಸೈನಿಕರು ತಮ್ಮ ಮನೆಯವರಿಗೆ ಕಳಿಸುತ್ತಿದ್ದ ಕಸೂತಿಯ ರೇಷ್ಮೆ ಕಾರ್ಡುಗಳ ಪ್ರಸ್ತಾಪ ಒಂದೇ ವಾಕ್ಯದಲ್ಲಿ ಬಂದುಹೋಗಿತ್ತು. ಉಳಿದ ಲೇಖನಕ್ಕಿಂತ ಆ ಒಂದು ವಾಕ್ಯಕ್ಕೇ ಹೆಚ್ಚು ಪತ್ರಗಳು ಬಂದಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಇಲ್ಲಿನ ಹಳೆಯ ಸಾಮಾನುಗಳ ಸಂತೆಯಲ್ಲಿ ಇಂಥದೊಂದು ಕಾರ್ಡನ್ನು ಕೊಂಡೆ. ಉಬ್ಬು ಅಂಚಿನ ರಟ್ಟಿನ ಚೌಕಟ್ಟಿನೊಳಗೆ ಜಾಲರಿಯಷ್ಟು ತೆಳುವಾದ ಬಿಳಿ ರೇಷ್ಮೆ, ಅದರ ಮೇಲೆ ನಾಲ್ಕು ದೇಶಗಳ ಬಾವುಟ, ಕೆಳಗೆ ‘ಟು ಮೈ ಡಿಯರ್ ಮದರ್’ ಎಂಬ ಅಕ್ಷರಗಳು, ಎಲ್ಲವೂ ಕಸೂತಿಯಲ್ಲಿ. ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಫ್ರೆಂಚ್ ಹೆಣ್ಣುಮಕ್ಕಳು ನಿರಾಶ್ರಿತರ ಶಿಬಿರಗಳಲ್ಲಿ ಕುಳಿತು ಒಂದೊಂದನ್ನೂ ಕೈಯಿಂದ ಹೊಲಿದರೆಂದು ಮಾರಿದವರು ಹೇಳಿದರು. ಧಾರವಾಡದಲ್ಲಿರುವ ನನ್ನ ಅವ್ವ ಬಹಳ ವರ್ಷ ಕಸೂತಿ ಹಾಕಿದವರು. ಬಟ್ಟೆ ಒಂದು ಕಡೆ ರಟ್ಟಿನಿಂದ ಬಿಟ್ಟುಕೊಂಡಿದ್ದರಿಂದ ಅದರ ಹಿಂಬದಿಯ ಚಿತ್ರವನ್ನೂ ತೆಗೆದು ಕಳಿಸಿದಾಗ, “ಹಿಂದ ಎಷ್ಟ ಸ್ವಚ್ಛ ಐತಿ ನೋಡು, ಇದು ಕೈಕೆಲಸನ” ಎಂದರು. ಇದು ನಿಜವೇ? (ಓದುಗರೊಬ್ಬರು, ಮ್ಯಾಂಚೆಸ್ಟರ್)

ಉತ್ತರ: ನಿಮ್ಮ ತಾಯಿಯವರ ಪರೀಕ್ಷೆ ಸರಿಯಾದದ್ದೇ, ಆದರೆ ಈ ಕಾರ್ಡಿನ ಮಟ್ಟಿಗೆ ಅದು ನಡೆಯುವುದಿಲ್ಲ. ಧಾರವಾಡದ ಕಸೂತಿಯಲ್ಲಿ ವಿನ್ಯಾಸವನ್ನು ಬಟ್ಟೆಯ ಮೇಲೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಕೊಂಡು, ಗಂಟು ಹಾಕದೆ ಗವಂತಿ, ಮುರಗಿ ಹೊಲಿಗೆಗಳನ್ನು ಹಾಕುವುದರಿಂದ ಹಿಂದೂ ಮುಂದೂ ಒಂದೇ ಆಗಿ ಕಾಣುತ್ತದೆ. ಇಂದಿನ ಯಂತ್ರದ ಕಸೂತಿಯ ಹಿಂಬದಿಯಲ್ಲಿಯಾದರೋ ಕೆಳಗಿನ ಎರಡನೆಯ ದಾರ ಎದ್ದು ಕಾಣುತ್ತದೆ. ಹಾಗಾಗಿ ಹಿಂಬದಿ ಸ್ವಚ್ಛವಾಗಿದ್ದರೆ ಕೈಕೆಲಸವೆಂಬ ತೀರ್ಮಾನ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ತಪ್ಪುವುದಿಲ್ಲ. ಆದರೆ ಎರಡನೆಯ ದಾರವೇ ಇಲ್ಲದೆ ಹೊಲಿಯುವ ಒಂದು ಯಂತ್ರ ಯುರೋಪಿನಲ್ಲಿ ಈ ಕಾರ್ಡುಗಳು ಬರುವುದಕ್ಕೆ ಎಷ್ಟೋ ದಶಕಗಳ ಮೊದಲೇ ಇತ್ತು, ಇಂಥ ಕಾರ್ಡುಗಳು ಅದರ ಕೆಲಸವೇ.

ಫ್ರಾನ್ಸಿನ ಮುಲೂಸ್ ಪಟ್ಟಣದ ಜೋಸುವೆ ಹೈಲ್‌ಮನ್ 1820ರ ದಶಕದ ಕೊನೆಯಲ್ಲಿ ರೂಪಿಸಿದ ಈ ಯಂತ್ರ, ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲೆನ್ ಸೀಮೆಯಲ್ಲಿ ಊರೂರಿಗೂ ಹರಡಿ, ಮೊದಲ ಮಹಾಯುದ್ಧದ ಹೊತ್ತಿಗೆ ಕಸೂತಿಯನ್ನು ಆ ದೇಶದ ಅತಿ ದೊಡ್ಡ ರಫ್ತು ಉದ್ಯಮಗಳಲ್ಲಿ ಒಂದನ್ನಾಗಿ ಮಾಡಿತ್ತು. ಇದರಲ್ಲಿ ಬಟ್ಟೆಯನ್ನು ದೊಡ್ಡದೊಂದು ಚೌಕಟ್ಟಿಗೆ ಗೋಡೆಯಂತೆ ನೆಟ್ಟಗೆ ಬಿಗಿಯುತ್ತಾರೆ. ಸೂಜಿಗಳಿಗೆ ಎರಡೂ ತುದಿ ಚೂಪು, ಕಣ್ಣು ನಡುವೆ. ಬಟ್ಟೆಯ ಎರಡೂ ಬದಿಗಳಲ್ಲಿ ಹಳಿಯ ಮೇಲೆ ಹಿಂದೆಮುಂದೆ ಸರಿಯುವ ಗಾಡಿಗಳಿದ್ದು, ಅವುಗಳ ಮೇಲೆ ಸೂಜಿ ಹಿಡಿಯುವ ಚಿಮಟಗಳ ಸಾಲುಗಳಿರುತ್ತವೆ. ಒಂದು ಬದಿಯ ಗಾಡಿ ಬಂದು ನೂರಾರು ಸೂಜಿಗಳನ್ನು ಒಟ್ಟಿಗೆ ಚುಚ್ಚಿದರೆ, ಆಚೆ ಬದಿಯ ಚಿಮಟಗಳು ಅವುಗಳನ್ನು ಕಚ್ಚಿಕೊಂಡು ದಾರ ಪೂರ್ತಿ ಬರುವವರೆಗೆ ಹಿಂದಕ್ಕೆ ಎಳೆಯುತ್ತವೆ, ಬಳಿಕ ಅವೇ ಸೂಜಿಗಳು ಆ ಕಡೆಯಿಂದ ಈ ಕಡೆಗೆ ಮರಳುತ್ತವೆ. ಯಂತ್ರದ ಮುಂದೆ ಕುಳಿತವನು ಆರು ಪಟ್ಟು ದೊಡ್ಡದಾಗಿ ಬರೆದ ವಿನ್ಯಾಸದ ಗೆರೆಗಳ ಮೇಲೆ ಎಡಗೈಯಿಂದ ಒಂದು ಮುಳ್ಳನ್ನು ಹೊಲಿಗೆಯಿಂದ ಹೊಲಿಗೆಗೆ ಸರಿಸುತ್ತ, ಬಲಗೈಯಿಂದ ಚಕ್ರ ತಿರುಗಿಸುತ್ತ, ಕಾಲಿನಿಂದ ಚಿಮಟಗಳನ್ನು ತೆರೆದು ಮುಚ್ಚುತ್ತಿರುತ್ತಾನೆ. ಮುಳ್ಳು ಸರಿದಂತೆ ಬಟ್ಟೆಯ ಚೌಕಟ್ಟೂ ಸರಿಯುವುದರಿಂದ, ಅವನು ಒಂದು ಹೂವನ್ನು ಬರೆದರೆ ಬಟ್ಟೆಯ ಉದ್ದಕ್ಕೂ ಅದೇ ಹೂವು ಅರಳುತ್ತ ಹೋಗುತ್ತದೆ. ಮನುಷ್ಯನ ಕೈ ಮಾಡುವ ಕೆಲಸವನ್ನೇ ಕಬ್ಬಿಣದ ಕೈ ಮಾಡುವುದರಿಂದ, ಹಿಂಬದಿಯಲ್ಲಿ ಕಾಣುವುದೂ ಅದೇ ಒಂಟಿ ದಾರ. 1863ರಲ್ಲಿ ಐಸಾಕ್ ಗ್ರೋಬ್ಲಿ ಕಂಡುಹಿಡಿದ, ದೋಣಿಯಾಕಾರದ ಲಾಳಿಯುಳ್ಳ ಷಿಫ್ಲಿ ಯಂತ್ರದ್ದು ಬೇರೆ ಬಗೆ. ಅದು ಎರಡು ದಾರಗಳ ಹೊಲಿಗೆ.

ನಿಮ್ಮ ಕಾರ್ಡನ್ನು ಭೂತಗನ್ನಡಿ ಹಿಡಿದು ಹೀಗೆ ನೋಡಿ. ಅಕ್ಷರದಿಂದ ಅಕ್ಷರಕ್ಕೆ, ಬಾವುಟದಿಂದ ಬಾವುಟಕ್ಕೆ ದಾರ ಹಿಂಬದಿಯಲ್ಲಿ ಕತ್ತರಿಸದೆ ಹಾರಿಹೋಗಿದೆಯೇ, ಒಂದು ಬಣ್ಣದ ಕೆಲಸವೆಲ್ಲ ಒಂದೇ ಉಸಿರಿಗೆ ಮುಗಿದಂತಿದೆಯೇ? ಬಣ್ಣ ಬದಲಿಸಬೇಕಾದರೆ ನೂರಾರು ಸೂಜಿಗಳಿಗೂ ಮತ್ತೆ ದಾರ ಪೋಣಿಸಬೇಕಿದ್ದುದರಿಂದ ಬಣ್ಣಗಳನ್ನು ಮಿತವಾಗಿ ಬಳಸಿ, ಒಂದು ಬಣ್ಣದ್ದು ಮುಗಿಯದೆ ಮತ್ತೊಂದಕ್ಕೆ ಹೋಗುತ್ತಿರಲಿಲ್ಲ. ಇದಕ್ಕಿಂತ ಖಚಿತವಾದ ಗುರುತೆಂದರೆ ಅದೇ ವಿನ್ಯಾಸದ ಇನ್ನೊಂದು ಕಾರ್ಡು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗ, ಒಂದು ಎಲೆಯ ತುದಿಯಲ್ಲಿ ಹೊಲಿಗೆ ಕೊಂಚ ಅಡ್ಡಾದಿಡ್ಡಿಯಾಗಿದ್ದರೆ ಇನ್ನೊಂದರಲ್ಲೂ ಅದೇ ಎಲೆಯಲ್ಲಿ ಅದೇ ಅಡ್ಡಾದಿಡ್ಡಿ ಇರುತ್ತದೆ. ಕೈಯಿಂದ ಹೊಲಿಯುವವರು ಎಷ್ಟೇ ನುರಿತವರಾದರೂ ತಮ್ಮ ತಪ್ಪನ್ನು ಹೀಗೆ ಎಳೆಎಳೆಯಾಗಿ ನಕಲು ಮಾಡಲಾರರು.

ಹಾಗೆಂದು ಹೆಂಗಸರ ದುಡಿಮೆ ಇದರಲ್ಲಿ ಇರಲಿಲ್ಲವೆಂದಲ್ಲ. ಸೂಜಿಗಳಿಗೆ ದಾರ ಪೋಣಿಸುವುದು, ಬಿಟ್ಟುಹೋದ ಹೊಲಿಗೆಗಳನ್ನು ತುಂಬುವುದು, ಉದ್ದನೆಯ ರೇಷ್ಮೆಯ ಪಟ್ಟಿಯನ್ನು ಕಾರ್ಡಿನ ಅಳತೆಗೆ ಕತ್ತರಿಸುವುದು, ಚೌಕಟ್ಟಿಗೆ ಅಂಟಿಸುವುದು ಇವೆಲ್ಲ ಬಹುಪಾಲು ಹೆಂಗಸರು ಮತ್ತು ಮಕ್ಕಳ ಕೆಲಸವಾಗಿದ್ದವು, ಸ್ವಿಸ್ ಹಳ್ಳಿಗಳಲ್ಲಿ ಯಂತ್ರವೇ ಮನೆಯೊಳಗೆ ಇರುತ್ತಿದ್ದುದೂ ಉಂಟು. ನಿರಾಶ್ರಿತ ಹುಡುಗಿಯ ಕಥೆ ಇಷ್ಟು ಕಾಲ ಬಾಳಿದ್ದಕ್ಕೆ ಕಾರಣ, ಅದು ಕೇಳಲು ಚೆನ್ನಾಗಿದೆ ಮತ್ತು ಸರಕು ಮಾರಲು ನೆರವಾಗುತ್ತದೆ ಎಂಬುದೇ ಎಂದು ನಮ್ಮ ಅನಿಸಿಕೆ. ಇಂಥ ಕಾರ್ಡುಗಳು ಯುದ್ಧದಿಂದ ಹುಟ್ಟಿದವೂ ಅಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದ ಹೊತ್ತಿಗೇ ಅವು ಕಾಣಿಸಿಕೊಂಡಿದ್ದವು. ಫ್ರಾನ್ಸಿನ ಹಳ್ಳಿಗಳಲ್ಲಿ ಲಕ್ಷಗಟ್ಟಲೆ ಬ್ರಿಟಿಷ್ ಸೈನಿಕರು ಬಂದು ಬೀಡುಬಿಟ್ಟಾಗ ಅವಕ್ಕೆ ಇದ್ದಕ್ಕಿದ್ದಂತೆ ಗಿರಾಕಿಗಳು ದೊರೆತರು, ಅಷ್ಟೆ.

ಪ್ರಶ್ನೆ: ಕಾರ್ಡಿನ ಮೇಲೆ ದಿನಾಂಕವಿಲ್ಲ, ಅಂಚೆಚೀಟಿಯೂ ಇಲ್ಲ, ಮುದ್ರೆಯೂ ಇಲ್ಲ. ಹಾಗಾದರೆ ಅದು ಅಂಚೆಯಲ್ಲಿ ಹೋಗಿಯೇ ಇಲ್ಲವೇ? ಕಾಲವನ್ನು ಊಹಿಸುವುದು ಹೇಗೆ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಅಂಚೆಚೀಟಿ ಇಲ್ಲದಿರುವುದೇ ವಾಡಿಕೆ. ರಣರಂಗದಿಂದ ಬರುವ ಸೈನಿಕರ ಪತ್ರಗಳಿಗೆ ಅಂಚೆವೆಚ್ಚ ಇರಲಿಲ್ಲ, ಜೊತೆಗೆ ರೇಷ್ಮೆ ಕೊಳೆಯಾಗದಿರಲೆಂದು ಹೆಚ್ಚಿನವರು ಕಾರ್ಡನ್ನು ಲಕೋಟೆಯೊಳಗೆ ಪತ್ರದ ಜೊತೆ ಇಟ್ಟು ಕಳಿಸುತ್ತಿದ್ದರು. ಕಾಲಕ್ಕೆ ಬಾವುಟಗಳನ್ನು ನೋಡಿ. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ರಷ್ಯಾ ಈ ನಾಲ್ಕೇ ಇದ್ದರೆ ಯುದ್ಧದ ಆರಂಭದ ವಿನ್ಯಾಸವೆನ್ನಬಹುದು; ಇಟಲಿಯ ಬಾವುಟ ಸೇರಿದ್ದರೆ ಅದು 1915ರ ಮೇ ತಿಂಗಳ ನಂತರದ್ದು, ಅಮೆರಿಕದ್ದು ಸೇರಿದ್ದರೆ 1917ರ ಏಪ್ರಿಲ್‌ನ ನಂತರದ್ದು. ತುಕಡಿಯ ಲಾಂಛನವಿದ್ದರೆ ಇನ್ನೂ ಅನುಕೂಲ: ಮೆಷಿನ್ ಗನ್ ಕೋರ್ ಹುಟ್ಟಿದ್ದು 1915ರ ಅಕ್ಟೋಬರ್‌ನಲ್ಲಿ, ಟ್ಯಾಂಕ್ ಕೋರ್ 1917ರ ಜುಲೈನಲ್ಲಿ, ರಾಯಲ್ ಏರ್ ಫೋರ್ಸ್ 1918ರ ಏಪ್ರಿಲ್ 1ರಂದು. ಕೆಲವು ಕಾರ್ಡುಗಳಲ್ಲಿ ಇಸವಿಯ ಅಂಕಿಗಳನ್ನೇ ದೊಡ್ಡದಾಗಿ ಹೊಲಿದು ಅವುಗಳೊಳಗೆ ಬಾವುಟಗಳ ಬಣ್ಣ ತುಂಬಿರುತ್ತಾರೆ. ಹಳೆಯ ದಾಸ್ತಾನು ಅಂಗಡಿಯಲ್ಲಿ ತಿಂಗಳುಗಟ್ಟಲೆ ಉಳಿದು ಮಾರಾಟವಾಗುತ್ತಿದ್ದುದರಿಂದ, ಇವೆಲ್ಲ ‘ಇದಕ್ಕಿಂತ ಮೊದಲಲ್ಲ’ ಎಂದು ಹೇಳಬಲ್ಲವೇ ಹೊರತು ‘ಇದೇ ವರ್ಷ’ ಎಂದಲ್ಲ.

ಇನ್ನೊಂದು ಮಾತು. ಉರಿಯುತ್ತಿರುವ ಊರುಗಳ ಚಿತ್ರವಿರುವ, ಮುಟ್ಟಿದರೆ ಹೊಲಿಗೆ ಉಬ್ಬದೆ ಸಪಾಟಾಗಿರುವ ಕಾರ್ಡು ನಿಮ್ಮ ಕೈಗೆ ಬಂದರೆ ಅದು ಕಸೂತಿಯದಲ್ಲ. ಜಕಾರ್ಡ್ ಮಗ್ಗದಲ್ಲಿ ನೇಯ್ದ ರೇಷ್ಮೆಯದು. ಆ ವಂಶ ಬೇರೆಯೇ.

ಪ್ರಶ್ನೆ: ಇಂಟರ್‌ನೆಟ್‌ನಲ್ಲಿ ಇಂಥ ಹಲವು ಕಾರ್ಡುಗಳನ್ನು ನೋಡಿದೆ. ‘ಫ್ರಾನ್ಸಿನಿಂದ ಒಂದು ಮುತ್ತು’, ‘ನನ್ನ ಪ್ರೀತಿಯ ತಂಗಿಗೆ’, ‘ಮರೆಯಬೇಡ’ ಎಂಬ ಅವವೇ ಸಿದ್ಧ ಮಾತುಗಳು. ಸಾವಿನ ಬಾಯಲ್ಲಿದ್ದವರಿಗೆ ಸ್ವಂತ ಮಾತು ಒಂದೂ ಇರಲಿಲ್ಲವೇ? ನಿಜ ಹೇಳಬೇಕೆಂದರೆ ನನಗೆ ಇವು ಅಗ್ಗದ ಭಾವುಕತೆ ಅನ್ನಿಸಿತು. (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಅಗ್ಗದವು ಎಂಬ ಮಾತನ್ನು ಮೊದಲು ತೆಗೆದುಹಾಕೋಣ. ದಿನಕ್ಕೆ ಒಂದು ಷಿಲಿಂಗ್ ಮೂಲ ಸಂಬಳದ ಸಾಮಾನ್ಯ ಸೈನಿಕನಿಗೆ, ಮುದ್ರಿಸಿದ ಚಿತ್ರದ ಕಾರ್ಡು ಕೈಗೆಟಕುವ ಬೆಲೆಗೆ ಸಿಗುತ್ತಿದ್ದಾಗ, ರೇಷ್ಮೆಯದನ್ನೇ ಕೊಳ್ಳುವುದೆಂದರೆ ಕಾಫಿ, ಬಿಯರು, ಮೊಟ್ಟೆಗಳಲ್ಲಿ ಏನಾದರೊಂದನ್ನು ಬಿಡುವುದೆಂದೇ ಅರ್ಥ. ಇನ್ನು ಸಿದ್ಧ ಮಾತುಗಳ ವಿಷಯ. ಆ ಸೈನಿಕನ ಪತ್ರವನ್ನು ಮನೆಯವರಿಗಿಂತ ಮೊದಲು ಓದುತ್ತಿದ್ದವರು ಅವನ ತುಕಡಿಯ ಅಧಿಕಾರಿ. ಬೆಳಗ್ಗೆ ಯಾರೆದುರು ಸೆಲ್ಯೂಟ್ ಹೊಡೆದು ನಿಲ್ಲಬೇಕೋ ಅವರೇ ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಕುಳಿತು, ಅವನು ಹೆಂಡತಿಗೆ ಬರೆದದ್ದನ್ನು ಓದಿ, ಸ್ಥಳದ ಹೆಸರು, ಸೈನ್ಯದ ಚಲನವಲನಗಳ ಮಾತು ಬಂದಲ್ಲಿ ಅಳಿಸಿ, ಸಹಿ ಹಾಕಿ ಕಳಿಸುತ್ತಿದ್ದರು. ಒಳಗಿರುವುದು ಖಾಸಗಿ ವಿಷಯ ಮಾತ್ರವೆಂದು ಆಣೆಮಾಡಿ ಸಹಿ ಹಾಕಬಹುದಾದ ಹಸಿರು ಲಕೋಟೆಗಳು ಇದ್ದವು. ಅಂಥದನ್ನು ತುಕಡಿಯಲ್ಲಿ ಯಾರೂ ತೆರೆಯುತ್ತಿರಲಿಲ್ಲ, ಆದರೆ ಅವು ಸಿಗುತ್ತಿದ್ದುದು ಅಪರೂಪಕ್ಕೆ. ಸರ್ಕಾರವೇ ಕೊಡುತ್ತಿದ್ದ ಇನ್ನೊಂದು ಕಾರ್ಡಿನಲ್ಲಿಯಂತೂ ‘ನಾನು ಕ್ಷೇಮ’, ‘ನಾನು ಆಸ್ಪತ್ರೆಯಲ್ಲಿದ್ದೇನೆ’, ‘ನಿಮ್ಮ ಪತ್ರ ತಲುಪಿತು’ ಎಂಬಂಥ ಸಾಲುಗಳನ್ನು ಮೊದಲೇ ಅಚ್ಚು ಹಾಕಿ, ಬೇಡದ್ದನ್ನು ಹೊಡೆದುಹಾಕಿ ಸಹಿ ಮಾಡಬೇಕೆಂದೂ, ಬೇರೇನಾದರೂ ಸೇರಿಸಿದರೆ ಕಾರ್ಡನ್ನು ನಾಶ ಮಾಡಲಾಗುವುದೆಂದೂ ಮೇಲೆಯೇ ಮುದ್ರಿಸಿರುತ್ತಿತ್ತು. ಇಂಥ ಏರ್ಪಾಡಿನ ನಡುವೆ ‘ಫ್ರಾನ್ಸಿನಿಂದ ಒಂದು ಮುತ್ತು’ ಎಂದು ರೇಷ್ಮೆಯ ಮೇಲೆ ಬೇರೆ ಯಾರೋ ಹೊಲಿದಿಟ್ಟಿದ್ದರೆ, ಮೇಲಧಿಕಾರಿಯ ಕಣ್ಣೆದುರು ತನ್ನ ಕೈಯಾರೆ ಬರೆಯಲು ನಾಚುವವನೊಬ್ಬ ಅದನ್ನು ಹಣ ಕೊಟ್ಟು ಕಳಿಸಬಹುದಿತ್ತು.

ನಮ್ಮ ಹಿರಿಯರು ‘ಉಭಯ ಕುಶಲೋಪರಿ’ ಎಂದು ಪತ್ರ ಆರಂಭಿಸುತ್ತಿದ್ದಾಗ ಅದನ್ನು ಯಾರೂ ಪ್ರೀತಿಯ ಕೊರತೆ ಎಂದು ತಿಳಿಯುತ್ತಿರಲಿಲ್ಲ. ಬರೆದವನು ಬದುಕಿದ್ದಾನೆ, ಬರೆಯುವಷ್ಟು ನೆಟ್ಟಗಿದ್ದಾನೆ ಎಂಬುದೇ ಅದರಲ್ಲಿದ್ದ ಸುದ್ದಿ. ಈ ಕಾರ್ಡುಗಳ ಹಿಂಬದಿಯ ಪೆನ್ಸಿಲ್ ಬರಹವೂ ಬಹುಮಟ್ಟಿಗೆ ಆ ಜಾತಿಯದು: ನಾನು ಚೆನ್ನಾಗಿದ್ದೇನೆ, ನೀವೂ ಚೆನ್ನಾಗಿರುವಿರೆಂದು ನಂಬಿದ್ದೇನೆ, ಪೊಟ್ಟಣ ತಲುಪಿತು, ಮಕ್ಕಳಿಗೆ ನನ್ನ ಪರವಾಗಿ ಮುದ್ದು ಕೊಡು.

ಜೇಬಿನ ಕಾರ್ಡುಗಳನ್ನು ನೀವು ಗಮನಿಸಿದಿರೋ ಇಲ್ಲವೋ. ಅವುಗಳಲ್ಲಿ ರೇಷ್ಮೆ ಒಂದೇ ಹಾಳೆಯಾಗಿರದೆ, ಲಕೋಟೆಯ ಬಾಯಿಯಂತೆ ಮಡಚಿದ ಚಿಕ್ಕ ಮುಚ್ಚಳವಿರುತ್ತದೆ. ಮುಚ್ಚಳದ ಮೇಲೆ ಪ್ಯಾನ್ಸಿ ಹೂವೋ, ನೀಲಿಯ ಫರ್ಗೆಟ್-ಮಿ-ನಾಟ್ ಗೊಂಚಲೋ, ಸ್ಕಾಟ್ಲೆಂಡಿನವರಿಗಾದರೆ ಮುಳ್ಳಿನ ಥಿಸಲ್ ಹೂವೋ ಇರುತ್ತದೆ. ಅದನ್ನು ಉಗುರಿನಿಂದ ಮೆಲ್ಲಗೆ ಎತ್ತಿದರೆ ಒಳಗೆ ಎರಡು ಬೆರಳಿನಗಲದ ಇನ್ನೊಂದು ಪುಟ್ಟ ಕಾರ್ಡು, ಅದರ ಮೇಲೆ ಅಚ್ಚು ಹಾಕಿದ ಹೂಗುಚ್ಛ ಮತ್ತು ‘ಪ್ರೀತಿಯೊಂದಿಗೆ’ ಎಂಬ ಒಂದು ಮಾತು. ಒಂಬತ್ತು ಸೆಂಟಿಮೀಟರ್ ಅಗಲ, ಹದಿನಾಲ್ಕು ಸೆಂಟಿಮೀಟರ್ ಉದ್ದದ ಅಂಚೆಕಾರ್ಡಿನೊಳಗೆ ತೆರೆಯುವುದಕ್ಕೆಂದೇ ಒಂದು ಗುಟ್ಟನ್ನು ಇಟ್ಟವನು ಜಾಣ ವ್ಯಾಪಾರಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕೊಳ್ಳುವವನ ಅಗತ್ಯವನ್ನೂ ಅವನು ಚೆನ್ನಾಗಿ ಬಲ್ಲವನಾಗಿದ್ದ. ಸಂಗ್ರಾಹಕರು ಹಿಂಬದಿ ಖಾಲಿಯಿರುವ, ಕಲೆಯಿಲ್ಲದ ಕಾರ್ಡಿಗೆ ಮಣೆ ಹಾಕುವುದುಂಟು. ನಮ್ಮನ್ನು ಕೇಳಿದರೆ, ಅಂಚು ಸವೆದು ಹಿಂದೆ ನಾಲ್ಕು ಸಾಲು ಪೆನ್ಸಿಲ್ ಬರಹವಿರುವುದನ್ನೇ ಆರಿಸಿಕೊಳ್ಳುತ್ತೇವೆ.

ಪ್ರಶ್ನೆ: ಮೈಸೂರು ಲ್ಯಾನ್ಸರ್ಸ್‌ನವರು, ಅಥವಾ ಭಾರತದ ಬೇರೆ ಸಿಪಾಯಿಗಳು ಇಂಥ ಕಾರ್ಡುಗಳನ್ನು ಊರಿಗೆ ಕಳಿಸಿರಬಹುದೇ? (ಓದುಗರೊಬ್ಬರು, ಮೈಸೂರು)

ಉತ್ತರ: ಮೈಸೂರು ಸಂಸ್ಥಾನದ ಕುದುರೆ ಸೈನ್ಯವಾದ ಮೈಸೂರು ಲ್ಯಾನ್ಸರ್ಸ್ ಫ್ರಾನ್ಸಿಗೆ ಹೋದ ಪಡೆಯಲ್ಲ. ಅವರು 1914ರ ಕೊನೆಯಲ್ಲಿ ಈಜಿಪ್ಟನ್ನು ತಲುಪಿ, ಸೂಯೆಜ್ ಕಾಲುವೆಯ ಕಾವಲು ಕಾದು, ಪ್ಯಾಲೆಸ್ತೀನಿನಲ್ಲಿ ಹೋರಾಡಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಲ್ಯಾನ್ಸರ್ಸ್ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದವರು; ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಅವರ ಸ್ಮಾರಕವಿದೆ. ಆ ದಿಕ್ಕಿನಲ್ಲಿ ಸೈನಿಕರಿಗೆ ಮಾರಾಟವಾಗುತ್ತಿದ್ದ ಕಸೂತಿ ಬೇರೆ ಬಗೆಯದು. ಕೈರೋದ ಬಾಬ್ ಜುವೇಲಾ ಹೆಬ್ಬಾಗಿಲಿನ ಬಳಿ ಡೇರೆ ಹೊಲಿಯುವವರ ಬೀದಿಯೊಂದಿದೆ. ಅಲ್ಲಿನ ಗಂಡಸರು ತಲೆಮಾರುಗಳಿಂದ ಬಣ್ಣದ ಬಟ್ಟೆಯ ತುಂಡುಗಳನ್ನು ದಪ್ಪ ಬಟ್ಟೆಯ ಮೇಲೆ ಕೂರಿಸಿ ಹೊಲಿಯುವವರು. ಪಿರಮಿಡ್ಡು, ಸ್ಫಿಂಕ್ಸ್, ಒಂಟೆಗಳಿರುವ ಅವರ ಪರದೆಗಳನ್ನೂ, ‘ಈಜಿಪ್ಟಿನ ನೆನಪು’ ಎಂದು ಇಂಗ್ಲಿಷಿನಲ್ಲಿ ಬರೆದ, ಸುತ್ತ ಕುಚ್ಚು ಕಟ್ಟಿದ ರೇಷ್ಮೆಯ ದಿಂಬಿನ ಚೀಲಗಳನ್ನೂ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಸೈನಿಕರು ಹೇರಳವಾಗಿ ಮನೆಗೆ ಕಳಿಸಿದ್ದರು. ನಿಮ್ಮ ಕಡೆಯ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಏನಾದರೂ ಸಿಗುವುದಾದರೆ ಅದು ಇಂಥದ್ದಾಗಿರುವುದು ಹೆಚ್ಚು ಸಹಜ.

ಫ್ರಾನ್ಸಿನಲ್ಲಿದ್ದವರು ಮುಖ್ಯವಾಗಿ ಲಾಹೋರ್ ಮತ್ತು ಮೀರಠ್ ಡಿವಿಷನ್ನುಗಳ ಪದಾತಿಗಳು. 1914ರ ಶರತ್ಕಾಲದಲ್ಲಿ ಮಾರ್ಸೆಲ್ಸ್‌ನಲ್ಲಿ ಇಳಿದ ಅವರಲ್ಲಿ ಹೆಚ್ಚಿನವರನ್ನು 1915ರ ಕೊನೆಗೆ ಅಲ್ಲಿಂದ ಹೊರಡಿಸಲಾಯಿತು, ಕುದುರೆ ಪಡೆಗಳು ಮಾತ್ರ 1918ರ ಆರಂಭದವರೆಗೆ ಉಳಿದವು. ಪದಾತಿ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ, ಅಂದರೆ ಅಂದಿನ ಲೆಕ್ಕದಲ್ಲಿ 15 ಷಿಲಿಂಗಿಗೂ ಕೊಂಚ ಕಡಿಮೆ. ಪಕ್ಕದ ಕಂದಕದ ಬ್ರಿಟಿಷ್ ಸೈನಿಕನಿಗೆ ಅದರ ಎರಡು ಪಟ್ಟು. ಕಾರ್ಡಿನ ಮೇಲಿನ ಮಾತುಗಳೆಲ್ಲ ಇಂಗ್ಲಿಷ್ ಅಥವಾ ಫ್ರೆಂಚ್, ಸಿಪಾಯಿಗಳ ಪತ್ರಗಳೋ ಉರ್ದು, ಹಿಂದಿ, ಗುರುಮುಖಿಗಳಲ್ಲಿ, ಎಷ್ಟೋ ಬಾರಿ ಬರೆಯಬಲ್ಲ ಜೊತೆಗಾರನ ಕೈಯಿಂದ ಬರೆಸಿದವು. ಸೆನ್ಸಾರ್ ಕಚೇರಿ ಅನುವಾದಿಸಿಟ್ಟುಕೊಂಡ ಆ ಪತ್ರಗಳ ಆಯ್ದ ಭಾಗಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ರೇಷ್ಮೆ ಕಾರ್ಡು ತಯಾರಿಸಿದ ವ್ಯಾಪಾರಿಗಳು ಯಾರನ್ನು ಗಿರಾಕಿಯೆಂದು ಎಣಿಸಿದ್ದರು, ಯಾರನ್ನು ಎಣಿಸಿರಲಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪ್ರಶ್ನೆ: ಸೈನಿಕರು ತಾವೇ ಕಸೂತಿ ಹಾಕಿದ್ದುಂಟೇ? (ಓದುಗರೊಬ್ಬರು, ಉಡುಪಿ)

ಉತ್ತರ: ಧಾರಾಳವಾಗಿ ಉಂಟು, ಆದರೆ ಕಂದಕದಲ್ಲಲ್ಲ, ಆಸ್ಪತ್ರೆಯಲ್ಲಿ. ಕಾಲು ಕಳೆದುಕೊಂಡು ತಿಂಗಳುಗಟ್ಟಲೆ ಮಲಗಿದವರಿಗೆ, ಸ್ಫೋಟದ ಆಘಾತದಿಂದ ಕೈ ನಡುಗುತ್ತಿದ್ದವರಿಗೆ ಸೂಜಿ ದಾರ ಕೊಟ್ಟು ತಮ್ಮ ರೆಜಿಮೆಂಟಿನ ಲಾಂಛನವನ್ನು ಹೊಲಿಯಲು ಕಲಿಸುವುದು ಚಿಕಿತ್ಸೆಯ ಭಾಗವೇ ಆಗಿತ್ತು. ಹೀಗೆ ನೂರಕ್ಕೂ ಹೆಚ್ಚು ಗಾಯಾಳುಗಳು ಬೇರೆಬೇರೆ ಆಸ್ಪತ್ರೆಗಳಲ್ಲಿ ಭಾಗಭಾಗವಾಗಿ ಹೊಲಿದ ಬಲಿಪೀಠದ ವಸ್ತ್ರವನ್ನು ಜೋಡಿಸಿ, 1919ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲಿನ ಕೃತಜ್ಞತಾ ಪ್ರಾರ್ಥನೆಯಲ್ಲಿ ಬಳಸಲಾಯಿತು. ಯುದ್ಧದಲ್ಲಿ ಕೈಗೆ ಗಾಯಮಾಡಿಕೊಂಡು ಮರಳಿದ ನಟ ಅರ್ನೆಸ್ಟ್ ಥೆಸಿಗರ್, ಅಂಗವಿಕಲ ಸೈನಿಕರು ಕಸೂತಿಯಿಂದ ಸಂಪಾದಿಸುವಂತಾಗಲೆಂದು ಶ್ರಮಿಸಿದರು. ಗಂಡಸರಿಗೆ ಇದು ತಕ್ಕ ಕೆಲಸವಲ್ಲವೆಂದು ಅಧಿಕಾರಿಗಳು ಮೊದಲು ಮೂಗು ಮುರಿದಿದ್ದರು. ಕೈಕೆಲಸದ ನೆನಪಿನ ಕಾಣಿಕೆ ಬೇಕೆನ್ನುವವರು ಹುಡುಕಬೇಕಾದದ್ದು ಇಂಥ ಲಾಂಛನಗಳನ್ನು, ಫ್ರೆಂಚ್ ಕಾರ್ಡುಗಳನ್ನಲ್ಲ.

ಪ್ರಶ್ನೆ: ನಮ್ಮ ತಾತ ಇಂಗ್ಲಿಷ್ ದೊರೆಗಳಿಂದ ಕಾಫಿ ತೋಟ ಕೊಂಡಾಗ ಬಂಗಲೆಯಲ್ಲಿ ಉಳಿದಿದ್ದ ಆಲ್ಬಮ್ಮಿನಲ್ಲಿ ಇಂಥ ಮೂರು ಕಾರ್ಡುಗಳಿವೆ. ಒಂದರ ಮೇಲೆ ಕಂದು ಚುಕ್ಕೆಗಳು ಬಂದಿವೆ. ತೊಳೆಯಬಹುದೇ? ಲ್ಯಾಮಿನೇಷನ್ ಮಾಡಿಸಿದರೆ ಉಳಿಯುತ್ತವೆಯೇ? ಹಿಂದೆ ‘ವಿಲ್’ ಎಂಬ ಹೆಸರು ಮತ್ತು ಒಂದು ಸಂಖ್ಯೆಯಿದೆ. (ಓದುಗರೊಬ್ಬರು, ಚಿಕ್ಕಮಗಳೂರು)

ಉತ್ತರ: ಎರಡೂ ಬೇಡ. ನೀರು ತಗುಲಿದರೆ ಕೆಂಪು ಮತ್ತು ನೀಲಿ ದಾರಗಳ ಬಣ್ಣ ಬಿಳಿ ರೇಷ್ಮೆಗೆ ಇಳಿಯುತ್ತದೆ, ರಟ್ಟಿನ ಅಂಟು ಬಿಡುತ್ತದೆ. ಲ್ಯಾಮಿನೇಷನ್ನಿನ ಬಿಸಿಗೆ ಉಬ್ಬು ಹೊಲಿಗೆ ಚಪ್ಪಟೆಯಾಗುವುದಲ್ಲದೆ ಅದನ್ನು ಮುಂದೆಂದೂ ಬಿಡಿಸಲಾಗದು. ಕಂದು ಚುಕ್ಕೆಗಳು ತೇವದಿಂದ ಬಂದವು. ಅವನ್ನು ಹಾಗೆಯೇ ಬಿಟ್ಟು, ಹೆಚ್ಚದಂತೆ ನೋಡಿಕೊಳ್ಳುವುದೇ ಸಾಕು. ಅಂಗಡಿಯಲ್ಲಿ ಸಿಗುವ, ವಾಸನೆ ಬರುವ ಮೆತ್ತನೆಯ ಪ್ಲಾಸ್ಟಿಕ್ ಹಾಳೆಗಳ ಆಲ್ಬಮ್ ಬೇಡ. ಆಮ್ಲರಹಿತ ಕಾಗದದಲ್ಲಿ ಒಂದೊಂದನ್ನೂ ಬೇರೆಯಾಗಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಡಿ. ನ್ಯಾಫ್ತಲೀನ್ ಗುಳಿಗೆ ರೇಷ್ಮೆಗೆ ತಾಗಬಾರದು. ಮಲೆನಾಡಿನ ಮಳೆಗಾಲಕ್ಕೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರಲಿ, ಮಳೆ ಬಿಟ್ಟು ಹವೆ ಒಣಗಿದ ಮೇಲೆ ನೆರಳಿನಲ್ಲಿ ಗಾಳಿಯಾಡಿಸಿ. ಗೋಡೆಗೆ ತೂಗುಹಾಕುವ ಆಸೆಯಿದ್ದರೆ ಕಾರ್ಡಿನ ಬಣ್ಣದ ಪ್ರತಿಯನ್ನು ತೂಗುಹಾಕಿ. ಬೆಳಕು ಬಿದ್ದ ರೇಷ್ಮೆ ಕೆಲವೇ ವರ್ಷಗಳಲ್ಲಿ ಪುಡಿಯಾಗಲು ಶುರುವಾಗುತ್ತದೆ.

ಸಂಖ್ಯೆಯ ಬಗ್ಗೆ: ಅದು ಸೈನಿಕನ ಸೇವಾ ಸಂಖ್ಯೆಯಾಗಿದ್ದರೆ, ಜೊತೆಗೆ ರೆಜಿಮೆಂಟಿನ ಹೆಸರೋ ಲಾಂಛನವೋ ಇದ್ದರೆ, ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಪದಕಗಳ ಸೂಚಿಯಲ್ಲಿ ಪೂರ್ಣ ಹೆಸರು ಸಿಗಬಹುದು. ಯುದ್ಧದಲ್ಲಿ ಸತ್ತವನಾಗಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯನ್ನು ಹಣ ಕೊಡದೆಯೇ ಹುಡುಕಬಹುದು. ಸಾಮಾನ್ಯ ಸೈನಿಕರ ಸೇವಾ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಬಾಂಬ್ ದಾಳಿಯಲ್ಲಿ ಲಂಡನ್ನಿನಲ್ಲಿ ಸುಟ್ಟುಹೋದವಾದ್ದರಿಂದ, ಪೂರ್ತಿ ಕಡತ ಸಿಗದಿದ್ದರೆ ಬೇಸರಿಸಬೇಡಿ. ಹುಡುಕಾಟಕ್ಕೆ ಮೊದಲು ಕಾರ್ಡಿನ ಎರಡೂ ಬದಿಗಳ ಚಿತ್ರ ತೆಗೆದಿಟ್ಟುಕೊಳ್ಳಿ. ಮಾಸಿದ ಪೆನ್ಸಿಲ್ ಬರಹ ಫ್ಲ್ಯಾಶ್ ಹಾಕಿದರೆ ಕಾಣುವುದಿಲ್ಲ. ಕಿಟಕಿಯ ಬಳಿ ಕಾರ್ಡನ್ನು ಕೊಂಚ ಓರೆ ಮಾಡಿ ಹಿಡಿದರೆ ಅಕ್ಷರಗಳು ಓದಲು ಬರುತ್ತವೆ.